ಹತ್ತಿ ತಿಂದ ಅಕ್ಷರ

ಹುಬ್ಬಿಗೆ ಇನ್ನೊಂದಿಷ್ಟು ವ್ಯಾಸಲೀನ್ ಮೆತ್ತಬೇಕು ಎಂದು ಶಿಲ್ಪಿ ಹೇಳಿದಾಗ ಅವಳಿಗೆ ಎದ್ದು ಹೋಗಿಬಿಡೋಣ ಅನ್ನಿಸಿತು. ಹೋಗುವುದಾದರೂ ಹೇಗೆ? ತಲೆಗೆ ಪ್ಲಾಸ್ಟಿಕ್ ಟೋಪಿ, ಕೊರಳ ಸುತ್ತ ತಂಗಿ ಮನೆಯಿಂದ ತಂದ ಹಳೇ ಟವೆಲು, ಮುಖದ ತುಂಬ ಜಿಡ್ಡು. ಈ ಅವತಾರದಲ್ಲಿ ಕಾರಿಡಾರಿಗೆ ಕಾಲಿಟ್ಟರೆ ಸಂಸ್ಥೆಯ ಹುಡುಗರಿಗೆ ವರ್ಷಕ್ಕಾಗುವಷ್ಟು ನಗು ಸಿಕ್ಕಂತೆ. ಅವರು ಬೆನ್ನ ಹಿಂದೆ ತನ್ನನ್ನು 'ಸುಮ್ನಿರಮ್ಮ' ಎಂದು ಕರೆಯುತ್ತಾರೆಂಬುದು ಅವಳಿಗೆ ಗೊತ್ತಿತ್ತು. ಪ್ರಯೋಗ ನಡೆಯುವಾಗ ಯಾರಾದರೂ ಕುರ್ಚಿ ಎಳೆದರೆ, ಕೆಮ್ಮಿದರೆ, ಕೊನೆಗೆ ಜೋರಾಗಿ ಉಸಿರಾಡಿದರೂ ಅವಳ ಬಾಯಿಂದ ಬರುತ್ತಿದ್ದದ್ದು 'ಸುಮ್ನಿರಿ' ಎಂಬ ಅದೊಂದೇ ಮಾತು. ಈಗ ಶಿಲ್ಪಿ ಅವಳ ಗಲ್ಲ ಹಿಡಿದು, ಅಂಗಡಿಯಲ್ಲಿ ಕುಂಬಳಕಾಯಿ ತಿರುಗಿಸಿ ನೋಡುವ ಹಾಗೆ, ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. ಒಂದು ಮಾತು ಕೇಳಲಿಲ್ಲ. ಅವಳ ಗಲ್ಲವನ್ನು ಇನ್ನೊಬ್ಬರ ಕೈ ಮುಟ್ಟಿ ಯಾವ ಕಾಲವಾಗಿತ್ತೋ.

"ಹಲ್ಲು ಕಚ್ಕೊಂಡಿದೀರ ಮೇಡಂ. ಸ್ವಲ್ಪ ಸಡಿಲ ಬಿಡಿ," ಎಂದ ಶಿಲ್ಪಿ.

"ಬಿಟ್ಟೇ ಇದೀನಲ್ಲಪ್ಪ."

"ಎಲ್ಲಿ ಬಿಟ್ರಿ? ಇಲ್ಲಿ, ಕಿವಿ ಕೆಳಗೆ ಗಂಟು ಕಟ್ಟಿದೆ ನೋಡಿ. ಹೀಗೇ ಅಚ್ಚು ತೆಗೆದ್ರೆ ಯಾರನ್ನೋ ಬೈಯೋಕೆ ಹೊರಟ ಹಾಗೆ ಬರುತ್ತೆ. ಕಂಚಲ್ಲಿ ಎರಕ ಹೊಯ್ದ ಮೇಲೆ ಸಮಾಧಾನ ಮಾಡೋಕಾಗಲ್ಲ."

ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ತಂಗಿ ಕಿಸಕ್ಕನೆ ನಕ್ಕಳು. "ಅಕ್ಕ ಹುಟ್ಟಿದಾಗ್ಲೇ ಹಾಗಿದ್ಳಂತೆ. ನೀವು ಹಾಕಿಬಿಡಿ ಸಾರ್, ಕಾದ್ರೆ ಏನೂ ಪ್ರಯೋಜನ ಇಲ್ಲ."

ಇಷ್ಟಕ್ಕೂ ಇದಕ್ಕೆ ಒಪ್ಪಿಕೊಂಡವಳು ಅವಳೇ. ಸಂಸ್ಥೆಯ ಹೊಸ ಕಟ್ಟಡದ ಮುಂದೆ ಅವಳ ಮುಖವನ್ನು ಕಂಚಿನಲ್ಲಿ ನಿಲ್ಲಿಸುವುದೆಂದು ನಿರ್ದೇಶಕರು ಹೇಳಿದಾಗ, ಸತ್ತವರಿಗೆ ಮಾಡುವ ಕೆಲಸವನ್ನು ಬದುಕಿರುವಾಗಲೇ ಮುಗಿಸಿಬಿಡುತ್ತೀರೇನು ಎಂದು ರೇಗಿದ್ದಳು. ನಿರ್ದೇಶಕ ಅವಳ ಶಿಷ್ಯನೇ. ಒಂದು ಕಾಲದಲ್ಲಿ ಅವಳ ಲ್ಯಾಬಿನಲ್ಲಿ ತಂತಿ ಬೆಸೆಯುತ್ತ ಬೆರಳು ಸುಟ್ಟುಕೊಂಡು ಉಫ್ ಉಫ್ ಎಂದು ಊದಿಕೊಳ್ಳುತ್ತಿದ್ದವನು. ಆಗ 'ನೀನು' ಎನ್ನುತ್ತಿದ್ದಳು. ಅವನು ದೊಡ್ಡ ಕುರ್ಚಿಯಲ್ಲಿ ಕೂತ ದಿನ ನಾಲ್ಕು ಜನರ ಮುಂದೆ 'ನೀವು' ಎಂದು ನೋಡಿದಳು. 'ಅಯ್ಯೋ, ನೀನು ಅನ್ನಿ ಮೇಡಂ' ಎನ್ನುತ್ತಾನೇನೋ ಎಂದು ಒಂದು ಗಳಿಗೆ ಕಾದಳು. ಅವನು ನಗುನಗುತ್ತ ಆ 'ನೀವು'ವನ್ನು ಜೇಬಿಗಿಳಿಸಿಕೊಂಡ. ಅಲ್ಲಿಂದ ಮುಂದೆ ಅದೇ ಖಾಯಂ ಆಯಿತು. ಪ್ರತಿಮೆಯ ವಿಷಯಕ್ಕೆ ಅವಳು ರೇಗಿದಾಗಲೂ ಅವನು ಸಿಟ್ಟಾಗಲಿಲ್ಲ, ಎದುರಿಗೆ ಕೂತು ಮೇಜಿನ ಮೇಲೆ ಮೊಣಕೈ ಊರಿ, ಮಗುವಿಗೆ ಔಷಧಿ ಕುಡಿಸುವ ದನಿಯಲ್ಲಿ ಹೇಳಿದ: "ಇದೊಂದಕ್ಕೆ ಹ್ಞೂಂ ಅನ್ನಿ ಮೇಡಂ. ನಾನು ನಿಮ್ಮ ಕೋಣೆ ತಂಟೆಗೆ ಬರಲ್ಲ. ಎಳೆ ಸರಿದ್ರೆ ಆ ಕೋಣೆ ನಿಮ್ದೇ, ನಿಮ್ಮ ಕೈಲಾಗೋವರೆಗೂ. ಇಲ್ಲ ಅಂದ್ರೆ ಮಳೆಗಾಲದ ಹೊತ್ತಿಗೆ ಬಿಟ್ಕೊಡಿ. ಹೊಸ ಯಂತ್ರಕ್ಕೆ ಜಾಗ ಇಲ್ಲದೆ ಎಲ್ಲ ನನ್ನ ತಲೆ ತಿಂತಿದಾರೆ. ನ್ಯಾಯ ತಾನೆ?" ನ್ಯಾಯವೇ. ಅವಳು ಹ್ಞೂಂ ಎಂದಳು. ಕೋಣೆಗೋಸ್ಕರ ಮುಖ ಕೊಟ್ಟೆ ಎಂದು ತಂಗಿಯ ಮುಂದೆ ತಮಾಷೆ ಮಾಡಿದಳು. ತಂಗಿ ನಗಲಿಲ್ಲ. ತನ್ನ ಮನೆಯಲ್ಲಿ ಅಕ್ಕನಿಗೆಂದು ಪೂರ್ವದ ಕಿಟಕಿಯ ಕೋಣೆಗೆ ಸುಣ್ಣ ಬಳಿಸಿ, ಮಂಚ ಹಾಕಿಸಿ, ಆ ಮಂಚದ ಮೇಲೆ ಇಸ್ತ್ರಿ ಬಟ್ಟೆ ಪೇರಿಸಿಕೊಂಡು ಕಾಯುತ್ತಿದ್ದವಳು ಅವಳು.

ಎಳೆ ಎಂದರೆ ರೇಷ್ಮೆಯ ಒಂಟಿ ಎಳೆ. ನೆಲಮಾಳಿಗೆಯ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ತೂಗುಬಿಟ್ಟದ್ದು, ತುದಿಗೆ ಪುಟ್ಟ ಕನ್ನಡಿ ಅಂಟಿಸಿದ್ದು. ಕನ್ನಡಿಗೆ ಬಿದ್ದ ಬೆಳಕು ಎದುರು ಗೋಡೆಯ ಅಳತೆಪಟ್ಟಿಯ ಮೇಲೆ ಚುಕ್ಕೆಯಾಗಿ ನಿಲ್ಲುತ್ತದೆ. ಎಳೆ ಕೂದಲಷ್ಟು ತಿರುಗಿದರೂ ಚುಕ್ಕೆ ಜಾಗ ಬಿಡುತ್ತದೆ. ಚಳಿಗಾಲವಿಡೀ ಎಳೆಯನ್ನು ಬಲಕ್ಕೆ ತಿರುಚಿ ಹಿಡಿದಿಟ್ಟಿದ್ದರು. ಆಮೇಲೆ ಸ್ವಲ್ಪ ಕಾಲ ಎಡಕ್ಕೆ ತಿರುಚಿ ಕೈಬಿಟ್ಟರು. ಬಿಟ್ಟ ಕೂಡಲೇ ಅದು ಇತ್ತೀಚಿನ ಎಡ ತಿರುವನ್ನು ಬಿಡಿಸಿಕೊಳ್ಳುತ್ತ ಬಲಕ್ಕೆ ಬಂತು, ನಿಂತಿತು. ಅದರ ಹಿಂದಿನ, ಚಳಿಗಾಲದ ಬಲ ತಿರುವು ಅದಕ್ಕಿನ್ನೂ ನೆನಪಿದ್ದರೆ ಚುಕ್ಕೆ ತಾನಾಗಿಯೇ ಎಡಕ್ಕೆ ಸರಿಯಬೇಕು. ಮರೆತಿದ್ದರೆ ನಿಂತಲ್ಲೇ ನಿಲ್ಲಬೇಕು. ಅಷ್ಟು ಸಣ್ಣ ಎಳೆಗೆ ಅಷ್ಟು ಹಳೆಯದು ನೆನಪಿರಲಾರದು ಎಂದು ವಿಷಯ ಬಲ್ಲವರೆಲ್ಲ ಮೂಗು ಮುರಿದಿದ್ದರು. ಇರುತ್ತದೆ ಎಂದು ಅವಳು ಅಚ್ಚಿನಲ್ಲಿ ಬರೆದು ಹೆಸರು ಹಾಕಿದ್ದಳು. ಚುಕ್ಕೆ ಮಾತ್ರ ವಾರಗಟ್ಟಲೆ ಮಿಸುಕಿರಲಿಲ್ಲ. 'ಎಳೆ ಸರಿದಿದೆಯಾ?' ಎಂದು ಬೆಳಿಗ್ಗೆ ಅವಳು ಕೇಳುವುದು, 'ಇಲ್ಲ ಮೇಡಂ' ಎಂದು ಸಂಶೋಧಕಿ ಹೇಳುವುದು, ಇಬ್ಬರೂ ಕಾಫಿ ಕುಡಿಯುವುದು. ಸಂಶೋಧಕಿ ಮೂವತ್ತು ದಾಟಿದ ಹೆಂಗಸು, ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬರುವವಳು. ಅವಳ ಪಿಎಚ್‌ಡಿಯೂ ಆ ಎಳೆಗೇ ನೇತುಬಿದ್ದಿತ್ತು. ಹೊಸ ಕಟ್ಟಡದ ಅಡಿಪಾಯಕ್ಕೆ ಯಂತ್ರ ಕುಟ್ಟುವುದು ಶುರುವಾದ ಮೇಲೆ ಇಬ್ಬರಿಗೂ ನಿದ್ದೆಯಿಲ್ಲ. ಒಂದು ಕುಟ್ಟು ಜಾಸ್ತಿಯಾದರೆ ಎಳೆ ಪಟ್ಟೆಂದು ಹರಿದುಹೋಗುತ್ತದೆ. ಅವಳನ್ನು ಗೌರವಿಸುವುದಕ್ಕೆಂದೇ ಕಟ್ಟುತ್ತಿರುವ ಕಟ್ಟಡ ಬೇರೆ!

"ಕಣ್ಣು ಮುಚ್ಚಿ ಮೇಡಂ. ಈಗ ಮೂಗಿಗೆ ಕೊಳವೆ ಇಡ್ತೀನಿ. ಕಿವಿಗೆ ಹತ್ತಿ. ಪ್ಲಾಸ್ಟರ್ ಬಿಸಿಯಾಗುತ್ತೆ, ಗಾಬರಿ ಆಗ್ಬೇಡಿ. ಉಸಿರು ಕಟ್ಟಿದ್ರೆ ಕೈ ಎತ್ತಿ, ಆ ಕ್ಷಣಕ್ಕೆ ಕಿತ್ತುಬಿಡ್ತೀನಿ," ಎಂದು ಶಿಲ್ಪಿ ಹೇಳಿದ. ಕೊಳವೆ ಎಂದರೆ ಎಳನೀರಿಗೆ ಹಾಕುವಂಥ ಸ್ಟ್ರಾ. ಎಷ್ಟೋ ವಿಷಯಗಳಲ್ಲಿ 'ಮೊದಲ ಮಹಿಳೆ' ಎಂದು ಓದಿಸಿಕೊಂಡವಳು ಈಗ ಮೂಗಿನಲ್ಲಿ ಎರಡು ಸ್ಟ್ರಾ ಇಟ್ಟುಕೊಂಡು ಕೂತಿದ್ದಾಳೆ, ಇದರಲ್ಲೂ ಮೊದಲಿಗಳೇ ಇರಬೇಕು ಎಂದುಕೊಂಡಳು. ನಗು ಬಂತು, ನಗುವಂತಿರಲಿಲ್ಲ. ತಣ್ಣನೆಯ ಹಿಟ್ಟು ಹಣೆಯ ಮೇಲೆ ಬಿತ್ತು, ರೆಪ್ಪೆಯ ಮೇಲೆ ಇಳಿಯಿತು, ತುಟಿ ಮುಚ್ಚಿತು. ಮುಚ್ಚಿದ ಮರುಗಳಿಗೆಯೇ ಎಷ್ಟೋ ಹೇಳುವುದಿತ್ತು ಅನ್ನಿಸಿತು. ಕೈ ಎತ್ತಲೇ? ಎತ್ತಿದರೆ ತಂಗಿ ಗಾಬರಿಯಾಗುತ್ತಾಳೆ, ಶಿಲ್ಪಿ ಮತ್ತೆ ಮೊದಲಿನಿಂದ ಹುಬ್ಬಿಗೆ ಮೆತ್ತುತ್ತಾನೆ. ಸುಮ್ಮನಿರುವುದು ತನಗೇನು ಹೊಸದೇ. ಚಿಕ್ಕವಳಿದ್ದಾಗ ಕಣ್ಣಾಮುಚ್ಚಾಲೆಯಲ್ಲಿ ಬಟ್ಟೆಯ ಬೀರುವಿನೊಳಗೆ ಕೂತು ಎಷ್ಟು ಅಲುಗಾಡದೆ ಇದ್ದಳೆಂದರೆ, ಹುಡುಕಿ ಹುಡುಕಿ ಸಾಕಾಗಿ ಎಲ್ಲರೂ ಊಟಕ್ಕೆ ಹೋಗಿದ್ದರು. ಅವಳು ಕತ್ತಲಲ್ಲಿ ಕೂತು ಗೆದ್ದೆ ಎಂದುಕೊಂಡಿದ್ದಳು. ತಟ್ಟೆ ಸದ್ದು ಕೇಳಿಸುತ್ತಿತ್ತು. ಯಾರೋ ಇನ್ನಷ್ಟು ಅನ್ನ ಬಡಿಸಿ ಅಂದದ್ದು ಕೇಳಿಸಿತ್ತು.

ಹತ್ತಿ ತುರುಕಿದ ಮೇಲೆ ಕೋಣೆಯ ಮಾತುಗಳು ಸವೆದುಹೋದವು. ಪೂರ್ತಿ ಅಲ್ಲ. ಅವಳ ತಲೆ ಆನಿಸಿದ್ದ ಮರದ ಒರಗು ಮೇಜಿಗೆ ಬಿಗಿದದ್ದು, ಮೇಜಿಗೆ ನಿರ್ದೇಶಕ ಬಂದು ಮೊಣಕೈ ಊರಿದ್ದ. ಅವನ ದನಿಯ ಗುಂಯ್ ಎಂಬ ಅಡಿಭಾಗ ಮರದ ಮೂಲಕ ಅವಳ ತಲೆಬುರುಡೆಗೆ ಬರುತ್ತಿತ್ತು. ಶಬ್ದದ ಮೇಲೆ ಇವಳ ಹತ್ತಿರವೇ ಪಾಠ ಕಲಿತವನು, ಮೇಡಂಗೆ ಈಗ ಏನೂ ಕೇಳಿಸಲ್ಲ ಅಂದುಕೊಂಡು ಆರಾಮವಾಗಿ ಹರಟುತ್ತಿದ್ದಾನೆ, ಪೆದ್ದ! ಹತ್ತಿ ದಪ್ಪ ಸ್ವರಗಳನ್ನು ಒಳಗೆ ಬಿಡುತ್ತದೆ, ಸಣ್ಣಗೆ ಸುಯ್ಯುವ ಅಕ್ಷರಗಳನ್ನು ತಿನ್ನುತ್ತದೆ, ಟೆಲಿಫೋನ್ ತಂತಿಯೂ ಹಾಗೇ. ಅದನ್ನು ಅಳೆದೇ ಅವಳು ಹೆಸರು ಮಾಡಿದ್ದು. ಇಪ್ಪತ್ತರ ಹುಡುಗಿ, ಟೆಲಿಫೋನ್ ತಂತಿಯಲ್ಲಿ ಯಾವ ಅಕ್ಷರ ದಾರಿಯಲ್ಲೇ ಸಾಯುತ್ತದೆ ಎಂದು ಹುಡುಕುವ ಕೆಲಸ. ದಪ್ಪ ಗೋಡೆಯ ಕೋಣೆಯಲ್ಲಿ ಕಿವಿಗೆ ಫೋನ್ ಒತ್ತಿಕೊಂಡು, ಆ ಕಡೆಯಿಂದ ಗುರುಗಳು ಓದುವ ಪದಗಳನ್ನು ಕೇಳಿ ಹೇಳಬೇಕು. 'ಸುಳಿ' ಎಂದರೆ 'ಹುಳಿ' ಕೇಳಿಸುತ್ತಿತ್ತು. 'ಸೂವು' ಎಂಬ ಅರ್ಥವಿಲ್ಲದ ಪದ ಓದಿದರೂ 'ಹೂವು' ಎಂದೇ ಹೇಳಿದಳು. ಗುರುಗಳು ಆ ಕಡೆಯಿಂದ ಗಹಗಹಿಸಿ ನಕ್ಕರು. ಕಿವಿ ಬಿಟ್ಟದ್ದನ್ನು ಮನಸ್ಸು ತನಗೆ ಬೇಕಾದ ಅಕ್ಷರ ಹಾಕಿ ತುಂಬಿಕೊಳ್ಳುತ್ತದೆ ಎಂದು ಅವಳು ಬರೆದ ಸಾಲು ಇಂದಿಗೂ ಪಠ್ಯಪುಸ್ತಕದಲ್ಲಿದೆ, ಗುರುಗಳ ಹೆಸರು ಮೊದಲು, ಅವಳದು ಆಮೇಲೆ. ಪತ್ರಿಕೆ ಬಂದ ದಿನ ಹೆಸರುಗಳ ಕ್ರಮ ನೋಡಿ ಹೊಟ್ಟೆ ಉರಿದಿತ್ತು. ಸುಮ್ಮನಿದ್ದಳು. ಅದನ್ನೇ ಎಲ್ಲರೂ ವಿನಯ ಎಂದರು.

"... ಎಲ್ಲ್ ಕೈ ಇಟ್ರೂ..." ನಿರ್ದೇಶಕನ ದನಿ ಮರದಲ್ಲಿ ಗುಂಯ್‌ಗುಟ್ಟಿತು. ಪ್ರತಿಮೆಯ ಕೆಳಗೆ ಹಾಕುವ ಶಿಲಾಫಲಕದ ಬರಹವನ್ನು ತಂಗಿಗೆ ಓದಿ ಹೇಳುತ್ತಿರಬೇಕು. ಆ ಬರಹ ಅವಳಿಗೆ ಬಾಯಿಪಾಠವಾಗಿತ್ತು, ತೋರಿಸಿ ಒಪ್ಪಿಗೆ ತೆಗೆದುಕೊಂಡಿದ್ದ. ಶಬ್ದ, ಗಾಜು, ಆಕಾಶದ ಧೂಳು, ಉಪ್ಪಿನ ಹರಳು, ಹೃದಯದ ಬಡಿತ ಕೇಳುವ ಉಪಕರಣ, ಮರಳಿನ ರಾಶಿ ಕುಸಿಯುವ ಬಗೆ. 'ಹಲವು ಕ್ಷೇತ್ರಗಳಲ್ಲಿ ಮೊದಲ ಹೆಜ್ಜೆ ಇಟ್ಟ ಧೀರೆ.' ಮೊದಲ ಹೆಜ್ಜೆ. ಎರಡನೆಯದರ ಮಾತು ಫಲಕದಲ್ಲಿ ಇಲ್ಲ, ಯಾರೂ ಕೇಳಿಯೂ ಇಲ್ಲ. ಗಾಜಿನ ಕೆಲಸದಲ್ಲಿ ಬಿರುಕು ಯಾಕೆ ಒಂದೇ ದಿಕ್ಕಿಗೆ ಓಡುತ್ತದೆ ಎಂದು ಹೇಳಿ ದೊಡ್ಡ ಸದ್ದು ಮಾಡಿದಳು. ಅದನ್ನು ಪರೀಕ್ಷಿಸುವ ಯಂತ್ರ ಬರುವ ಹೊತ್ತಿಗೆ ಅವಳು ಧೂಳಿಗೆ ಹೋಗಿದ್ದಳು. ಧೂಳಿನಲ್ಲಿ ಒಬ್ಬ ಗೆಳೆಯ ಸಿಕ್ಕಿದ. ಟೆರೇಸಿನ ಮೇಲೆ ಇಬ್ಬರೂ ಬೆಳಗ್ಗೆ ಸಂಜೆ ಗಾಜಿನ ತಟ್ಟೆ ಒಡ್ಡಿ ಧೂಳು ಹಿಡಿಯುತ್ತಿದ್ದರು. ಅವನ ಅಂಗಿಯ ತೋಳಿನಲ್ಲಿ ಸದಾ ಒಂದು ಗುಂಡಿ ಇರುತ್ತಿರಲಿಲ್ಲ. ಮದುವೆಯ ಮಾತೂ ಬಂದಿತ್ತು, ಮಾತಾಗಿ ಅಲ್ಲ, ಇಬ್ಬರೂ ಹಂಚಿಕೊಂಡು ತಿನ್ನುವ ಒಂದೇ ಟಿಫನ್ ಡಬ್ಬಿಯಾಗಿ. ಇನ್ನೇನು ಕೊನೆಯ ಅಳತೆ, ಆಕಾಶದ ಕೆಂಪಿಗೆ ಅವಳು ಹೇಳಿದ್ದೇ ಕಾರಣವೋ ಅಲ್ಲವೋ ತಿಳಿಯುವುದರಲ್ಲಿತ್ತು, ಆಗ ಅವಳಿಗೆ ಉಪ್ಪಿನ ಹರಳುಗಳ ಮೇಲೆ ತಡೆಯಲಾರದ ಆಸಕ್ತಿ ಹುಟ್ಟಿತು. ಬೇರೆ ಊರಿನಲ್ಲಿ ಜಾಗ ಸಿಕ್ಕಿತು. ಅವನು ರೈಲು ಹತ್ತಿಸಲು ಬಂದು, ಚೀಲ ಎತ್ತಿಕೊಡುತ್ತ, "ಉತ್ತರ ಬರೋ ಹೊತ್ತಿಗೆ ನೀನು ಪೆಟ್ಟಿಗೆ ಕಟ್ಟಿರ್ತೀಯ ನೋಡು," ಎಂದ. ನಗುತ್ತಲೇ ಅಂದ. ಅವಳೂ ನಕ್ಕಳು. ಸಾಯುವವರೆಗೂ ಅವನು ಧೂಳಿನಲ್ಲೇ ಇದ್ದ, ಅವಳ ಊಹೆ ಅರ್ಧ ತಪ್ಪು ಎಂದು ತೋರಿಸಿದ, ಹಾಗೆ ತೋರಿಸಿದ ಲೇಖನದ ಕೊನೆಗೆ ಅವಳಿಗೇ ವಂದನೆ ಹೇಳಿದ್ದ. ಆ ಹೊತ್ತಿಗೆ ಅವಳು ಡಾಕ್ಟರುಗಳ ಜೊತೆ ಹೃದಯದ ಬಡಿತ ಕೇಳುತ್ತಿದ್ದಳು, ಓದಲು ಪುರುಸೊತ್ತಿಲ್ಲ ಎಂದು ಪತ್ರಿಕೆಯನ್ನು ಕಪಾಟಿನ ಮೇಲೆ ಎಸೆದಿದ್ದಳು.

ಎಳೆಗೆ ಮಾತ್ರ ಹಾಗಾಗಲಿಲ್ಲ. ವಯಸ್ಸಾಗಿತ್ತು, ಹೋಗಲು ಇನ್ನೊಂದು ವಿಷಯ ಉಳಿದಿರಲಿಲ್ಲ. ಮಂಡಿ ನೋವಿನವಳು ಇನ್ನು ಯಾವ ಕ್ಷೇತ್ರಕ್ಕೆ ಹೆಜ್ಜೆ ಇಟ್ಟಾಳು? ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆಯಲ್ಲಿ ಒಂದು ಗಂಟು. ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋಗುವವರೆಗೂ ಅದು ಬಿಗಿಯುತ್ತ, 'ಇಲ್ಲ ಮೇಡಂ' ಎಂದು ಕೇಳಿಸಿಕೊಂಡ ಮೇಲೆ ಸಡಿಲವಾಗುತ್ತ ಇತ್ತು. ಸಡಿಲವಾಗುತ್ತಿತ್ತು! ಅದನ್ನು ಅವಳು ಈವರೆಗೆ ಗಮನಿಸಿರಲಿಲ್ಲ. ನಿರಾಸೆ ಎಂದುಕೊಂಡಿದ್ದಳು. ಯಂತ್ರ ಕುಟ್ಟಿತು. ಕುರ್ಚಿಯ ಕಾಲಿನಿಂದ ಬೆನ್ನುಮೂಳೆಯವರೆಗೆ ನಡುಕ ಏರಿತು, ಮುಖದ ಮೇಲಿನ ಹಿಟ್ಟು ತುಸು ಅದುರಿತು. ಕೆಳಗೆ ಎಳೆಯೂ ಅದುರಿರಬೇಕು. ತಾನು ಇಲ್ಲಿ ಗೊಂಬೆಯ ಹಾಗೆ ಕೂತಿದ್ದೇನೆ, ಅಲ್ಲಿ ಏನಾಯಿತೋ. ತಂಗಿ ಏನೋ ಕೇಳಿದಳು, ನಿರ್ದೇಶಕ ಏನೋ ಹೇಳಿದ. ಆ-ಊ-ಎ-ಇ. ತಂಗಿಯ ಮಾತೆಂದರೆ ಮಂಚದ ಮಾತೇ, 'ಯಾವಾಗ ಕಳಿಸ್ತೀರಿ' ಎಂದೇ ಇರಬೇಕು. ಪೂರ್ವದ ಕಿಟಕಿ. ಬಿಸಿಲು ಕಾಲ ಬೆರಳಿನಿಂದ ಏರುತ್ತ ಮಂಡಿಗೆ ಬರುವವರೆಗೂ ಮಲಗಿರುವುದು. ಛೇ, ಅದೆಂಥ ಬದುಕು ಎಂದು ತಂಗಿಯ ಮುಂದೆ ಎಷ್ಟು ಸಲ ಹೀಗಳೆದಿದ್ದಳೋ.

ಆಗ ಬಾಗಿಲು ದಢಾರನೆ ತೆರೆದುಕೊಂಡಿತು. ಓಡಿಬಂದ ಹೆಜ್ಜೆ ನೆಲದಲ್ಲಿ ಕೇಳಿಸಿತು, ಸಂಶೋಧಕಿಯದು. ಎಡಗಾಲು ಒತ್ತಿ ಇಡುವ ಆ ನಡಿಗೆಗೆ ಅವಳು ಎಷ್ಟು ಸಲ 'ಸುಮ್ನಿರಿ' ಎಂದಿಲ್ಲ. ಮೇಜಿಗೆ ಎರಡೂ ಕೈ ಬಡಿದು, ಏದುಸಿರು ಬಿಡುತ್ತ, ಅಳುತ್ತಲೋ ಏನೋ, ಸಂಶೋಧಕಿ ಕೂಗಿದಳು. ಮರದ ಮೂಲಕ ಅದು ಸ್ಪಷ್ಟವಾಗಿ ಬಂತು.

"ಮೇಡಂ! ಎಳೆ ಹರಿದಿದೆ!"

ಅವಳಿಗೆ ಸಂತೋಷವಾಯಿತು. ದುಃಖವಾಗುತ್ತದೆಂದು ಕಾದಳು, ಬರಲಿಲ್ಲ, ಬಂದದ್ದು ಸಂತೋಷವೇ. ಕಿವಿಯ ಕೆಳಗಿನ ಗಂಟು ಬಿಚ್ಚಿತು, ದವಡೆ ಇಳಿಯಿತು, ಹಣೆಯ ಗೆರೆಗಳು ಹಿಟ್ಟಿನ ಕೆಳಗೆ ಒಂದೊಂದಾಗಿ ಜಾಗ ಬಿಟ್ಟವು. ಮುಗಿಯಿತು. ಇನ್ನು ಮೆಟ್ಟಿಲಿಳಿಯುವುದಿಲ್ಲ, ಕೇಳುವುದಿಲ್ಲ, ಹೊಟ್ಟೆಯಲ್ಲಿ ಗಂಟಿಲ್ಲ. ಸೋತೆ ಎಂದು ಯಾರೂ ಹೇಳುವಂತಿಲ್ಲ, ಗೆದ್ದೆ ಎಂದು ತಾನು ಹೇಳಬೇಕಾಗಿಲ್ಲ. ಪಾಪ, ಇನ್ನೇನು ತಿಳಿಯೋದರಲ್ಲಿತ್ತು, ಆ ಹಾಳು ಯಂತ್ರದಿಂದ ಹರಿದುಹೋಯ್ತಂತೆ ಎನ್ನುತ್ತಾರೆ. ಎನ್ನಲಿ. ಕಂಚಿನ ಮುಖದ ಮುಂದೆ ನಿಂತು ಅನ್ನಲಿ. ಮಂಚದ ಮೇಲಿನ ಇಸ್ತ್ರಿ ಬಟ್ಟೆ ತೆಗೆಯಲು ತಂಗಿಗೆ ಇವತ್ತೇ ಹೇಳಬೇಕು. ಎಷ್ಟು ಹಗುರ! ಗಾಜು ಬಿಟ್ಟ ದಿನ ಹೀಗೇ ಹಗುರವಾಗಿತ್ತು. ರೈಲು ಹೊರಟು, ತೋಳಿಗೆ ಗುಂಡಿ ಇಲ್ಲದ ಆ ಕೈ ಪ್ಲಾಟ್‌ಫಾರ್ಮಿನಲ್ಲಿ ಹಿಂದೆ ಹಿಂದೆ ಹೋಗುವಾಗ ಕಣ್ಣಲ್ಲಿ ನೀರು ಬಂದಿತ್ತು, ಎದೆಯಲ್ಲಿ ಇದೇ ಹಗುರ. ಅದನ್ನೇ ಅವಳು ಹೊಸ ವಿಷಯದ ಉತ್ಸಾಹ ಎಂದು ಕರೆದಿದ್ದಳು. ಭಾಷಣಗಳಲ್ಲಿ ಹುಡುಗ ಹುಡುಗಿಯರಿಗೆ ಅದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದ್ದಳು: ಒಂದೇ ಕಡೆ ಕೂರಬೇಡಿ, ಜಗತ್ತು ದೊಡ್ಡದು. ಉತ್ತರ ಹತ್ತಿರ ಬಂದಾಗಲೆಲ್ಲ ಕಾಲಿಗೆ ಬುದ್ಧಿ ಹೇಳಿದವಳು ಅವಳು. ಅಷ್ಟೇ. ಫಲಕದ ಮೇಲಿನ ಆ ಉದ್ದ ಪಟ್ಟಿ ಓಡಿದ ದಾರಿಯದು.

ಆಮೇಲೆ ಸಂಶೋಧಕಿಯ ಅಳು ನೆನಪಾಯಿತು. ಅಯ್ಯೋ, ಆ ಹುಡುಗಿ. ಮಗುವಿಗೆ ಜ್ವರ ಬಂದ ದಿನವೂ ಕೆಳಗೆ ಚುಕ್ಕೆಯ ಮುಂದೆ ಕೂತಿದ್ದವಳು. 'ಆಗುತ್ತೆ, ನೋಡ್ತಿರು, ಸರಿದೇ ಸರಿಯುತ್ತೆ' ಎಂದು ಅವಳಿಗೆ ಧೈರ್ಯ ಹೇಳುತ್ತ, ಒಳಗೊಳಗೇ ಸರಿಯದಿರಲಿ ಎಂದು ಬೇಡಿಕೊಂಡವಳು ತಾನು. ಅವಳ ವರ್ಷಗಳೆಲ್ಲ ಗಾಳಿಗೆ ಹೋದ ಸುದ್ದಿ ಕೇಳಿ ಇಲ್ಲಿ ಹಾಯಾಗಿ ಉಸಿರುಬಿಟ್ಟವಳು. ನಾಚಿಕೆ ಮುಖಕ್ಕೆ ನುಗ್ಗಿತು. ನುಗ್ಗಿದರೂ ಮುಖಕ್ಕೆ ಅದನ್ನು ತೋರಿಸಲು ಎಡೆಯಿರಲಿಲ್ಲ. ಹಲ್ಲು ಕಚ್ಚಲು ನೋಡಿದಳು. ಆಗಲಿಲ್ಲ. ಹುಬ್ಬು ಗಂಟಿಕ್ಕಲು ನೋಡಿದಳು. ಪ್ಲಾಸ್ಟರ್ ಬಿಸಿಯಾಗುತ್ತಿತ್ತು, ಗಟ್ಟಿಯಾಗಿತ್ತು, ಹಾಯಾಗಿದ್ದ ಮುಖವನ್ನು ಹಾಗೇ ಹಿಡಿದುಕೊಂಡಿತ್ತು. ಒಳಗೆ ಅವಳು ಎಷ್ಟು ಒದ್ದಾಡಿದರೂ ಹೊರಗೆ ಅದೇ ಹಾಯಿ. ಕೊಳವೆಗಳಲ್ಲಿ ಉಸಿರು ಸುಯ್ಯೆಂದು ಓಡಾಡಿತು. ಸುಯ್ಯೆಂದು. ಆ ಸದ್ದಿಗೆ ಅವಳ ತಲೆಯೊಳಗಿನ ಇಪ್ಪತ್ತರ ಹುಡುಗಿ ತಟ್ಟನೆ ಎದ್ದು ಕೂತಳು. ನೀನು ಕೇಳಿಸಿಕೊಂಡದ್ದು 'ಹ'ವೋ?

'ರಿದಿದೆ' ಮಾತ್ರ ಮರದಲ್ಲಿ ಬಂದದ್ದು. ಮೊದಲ ಅಕ್ಷರವನ್ನು ಹತ್ತಿ ತಿಂದಿತ್ತು. ಹತ್ತಿ ತಿನ್ನುವ ಅಕ್ಷರ ಎಲ್ಲಕ್ಕಿಂತ ಮುಂಚೆ 'ಸ'. ಹರಿದಿದೆ. ಸರಿದಿದೆ. ಜಗತ್ತಿನಲ್ಲಿ ಇದನ್ನು ಅಳೆದು ಹೇಳಿದವಳೇ ಅವಳು. ಅವಳೇ ಒಂದು ಚೂರೂ ಅನುಮಾನಿಸದೆ ಖಾಲಿ ಜಾಗಕ್ಕೆ 'ಹ' ಹಾಕಿಕೊಂಡಿದ್ದಳು. ಕೈ ಎತ್ತಿದರೆ ಈಗಲೇ ತಿಳಿಯುತ್ತದೆ. ಕೈ ತೊಡೆಯ ಮೇಲಿತ್ತು, ಬೆರಳುಗಳೂ ಅಲ್ಲೇ ಇದ್ದವು. ಎತ್ತಲಿಲ್ಲ. ಇನ್ನೊಂದು ಗಳಿಗೆ 'ಹ' ಆಗಿರಲಿ, ಇನ್ನೊಂದೇ ಗಳಿಗೆ ಎಂದು ಅವಳು ಕತ್ತಲಲ್ಲಿ, ಬಿಸಿಯಲ್ಲಿ, ಕೂತಿದ್ದಳು.

ಶಿಲ್ಪಿ ಅಂಚುಗಳಿಗೆ ಬೆರಳು ತೂರಿಸಿ, ಉಸಿರು ಬಿಡಿ ಎಂದು ಕೂಗಿ, ಅಚ್ಚನ್ನು ಎಳೆದ. ಪಚಕ್ ಎಂಬ ಸದ್ದಾಯಿತು. ಬೆಳಕು ಕಣ್ಣಿಗೆ ಚುಚ್ಚಿತು. ತಂಗಿ ಕಿವಿಯ ಹತ್ತಿ ತೆಗೆದಳು. ಇಡೀ ಕೋಣೆಯ ಸಕಾರಗಳೆಲ್ಲ ಒಟ್ಟಿಗೆ ಒಳಗೆ ನುಗ್ಗಿದವು.

"ಸರಿದಿದೆ ಮೇಡಂ! ಸರಿದಿದೆ! ನಾನು ನೋಡ್ತಾನೇ ಇದ್ದೆ, ನನ್ನ ಕಣ್ಣೆದುರಿಗೇ!" ಸಂಶೋಧಕಿಯ ಕೆನ್ನೆ ತುಂಬ ನೀರು. ಮೂಗು ಒರೆಸಿಕೊಳ್ಳಲೂ ಅವಳಿಗೆ ಪುರುಸೊತ್ತಿರಲಿಲ್ಲ.

"ಯಾವ ಕಡೆಗೆ?"

"ಎಡಕ್ಕೆ. ನೀವು ಹೇಳಿದ ಕಡೆಗೇ. ಯಂತ್ರ ನಿಲ್ಲಿಸಿದ ಮೇಲೂ ಸರೀತಾ ಇತ್ತು, ಅದುರಿದ್ದಲ್ಲ, ನಾನು ಎರಡೆರಡು ಸಲ ನೋಡ್ದೆ. ಅದಕ್ಕೆ ಎಲ್ಲ ನೆನಪಿದೆ ಮೇಡಂ!"

"ಕಂಗ್ರಾಜುಲೇಶನ್ಸ್ ಮೇಡಂ," ಎಂದು ನಿರ್ದೇಶಕ ಎರಡೂ ಕೈ ಹಿಡಿದು ಕುಲುಕಿದ. ಅವನ ಕೈಗೂ ವ್ಯಾಸಲೀನ್ ಅಂಟಿತು. "ಮಾತು ಕೊಟ್ಟ ಹಾಗೆ ಕೋಣೆ ನಿಮ್ದು. ಇನ್ನು ಇದನ್ನ ಮತ್ತೆ ಮತ್ತೆ ಮಾಡಿ ತೋರಿಸ್ಬೇಕು, ಬೇರೆ ಬೇರೆ ಎಳೆ, ಬೇರೆ ಬೇರೆ ಕಾಲ. ಜನ ಬರ್ತಾರೆ ನೋಡೋಕೆ. ನಿಮ್ಮನ್ನ ಈಗ ಯಾರೂ ಬಿಡಲ್ಲ!"

ತಂಗಿ ಟವೆಲಿನ ಒಂದು ತುದಿಯಿಂದ ಅಕ್ಕನ ಹಣೆ ಒರೆಸಿದಳು, ಇನ್ನೊಂದು ತುದಿಯಿಂದ ಕೊರಳು ಒರೆಸಿದಳು, ಆಮೇಲೆ ಟವೆಲನ್ನು ಮಡಿಸಲು ನಿಂತಳು. ಅದು ಮಡಿಸುವಂಥ ಸ್ಥಿತಿಯಲ್ಲಿರಲಿಲ್ಲ.

"ಇಲ್ಲಿ ನೋಡಿ ಮೇಡಂ," ಎಂದು ಶಿಲ್ಪಿ ಅಚ್ಚನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಹಿಡಿದ. ಒಳಗೆ ಅವಳ ಮುಖದ ತಗ್ಗು. ನೋಡುತ್ತ ನೋಡುತ್ತ ಅದು ಉಬ್ಬಿ ಎದ್ದಿತು. ಕಣ್ಣಿನ ಮೋಸ ಎಂದು ಅವಳಿಗೆ ಗೊತ್ತಿತ್ತು, ಗೊತ್ತಿದ್ದರೂ ಎದ್ದಿತು. ಅವಳು ಆಚೀಚೆ ಸರಿದರೆ ಅದೂ ತಿರುಗಿ ಅವಳನ್ನೇ ನೋಡಿತು. ಇಷ್ಟು ವರ್ಷ ಯಾವ ಕನ್ನಡಿಯಲ್ಲೂ ಕಾಣದ ಮುಖ. ದವಡೆ ಇಳಿದಿತ್ತು, ರೆಪ್ಪೆಗಳು ಸುಖವಾಗಿ ಮುಚ್ಚಿದ್ದವು, ತುಟಿಯ ಕೊನೆಯಲ್ಲಿ ನಗುವಿಗಿಂತ ಸ್ವಲ್ಪ ಕಡಿಮೆಯದು ಏನೋ ಇತ್ತು.

"ನಾನು ಹೆದರಿದ್ದೆ ಕಣ್ರೀ," ಶಿಲ್ಪಿ ಎಲ್ಲರಿಗೂ ಹೇಳಿದ. "ಗಟ್ಟಿಯಾಗೋಕೆ ಮುಂಚೆ ಈ ಅಮ್ಮ ಬಂದು ಸುದ್ದಿ ಹೇಳಿದ್ರಲ್ಲ, ಆಗ ಸಡಿಲ ಬಿಟ್ರು. ಕರೆಕ್ಟಾಗಿ ಅದೇ ಗಳಿಗೆ ಕೂತಿದೆ. ಇಂಥದ್ದು ಕೂರಿಸ್ತೀನಿ ಅಂದ್ರೂ ಕೂರಲ್ಲ."

"ಗೆದ್ದವರ ಮುಖ," ಎಂದ ನಿರ್ದೇಶಕ. "ಇದೇ ಇರಲಿ."

"ನನ್ನ ಮಾತು ಕೇಳಿದಾಗಿನದಾ ಇದು?" ಎಂದು ಸಂಶೋಧಕಿ ಹತ್ತಿರ ಬಂದು ಬಗ್ಗಿ ನೋಡಿದಳು. ನೋಡಿ, ಮತ್ತೆ ಅಳು ತಡೆಯಲಾಗದೆ, ತುಟಿ ಕಚ್ಚಿಕೊಂಡು ನಕ್ಕಳು. "ಎಷ್ಟು ಖುಷಿಯಾಗಿದೀರ ಮೇಡಂ ಇದರಲ್ಲಿ!"

"ಇದನ್ನ ಇನ್ನೊಂದು ಸಲ ತೆಗೆಯೋಕೆ ಆಗುತ್ತಾ?" ಅವಳು ಕೇಳಿದಳು.

ಶಿಲ್ಪಿಯ ಕೈ ಅಚ್ಚಿನ ಸಮೇತ ಅರ್ಧದಲ್ಲೇ ನಿಂತಿತು. "ಯಾಕೆ ಮೇಡಂ? ಏನಾಗಿದೆ ಇದಕ್ಕೆ?"

ಎಲ್ಲರೂ ಅವಳ ಬಾಯಿಯನ್ನೇ ನೋಡಿದರು. ನಿರ್ದೇಶಕ ನಗುತ್ತಿದ್ದ. ತಂಗಿ ಟವೆಲು ಹಿಡಿದು ತಲೆ ಎತ್ತಿದ್ದಳು. ಸಂಶೋಧಕಿ ಒದ್ದೆ ಕಣ್ಣನ್ನು ಅಗಲ ಬಿಟ್ಟುಕೊಂಡು, ಮೇಡಂ ಏನು ಹೇಳಿದರೂ ನಂಬಲು ತಯಾರಾಗಿ ನಿಂತಿದ್ದಳು. ಆ ಹುಡುಗಿಯ ಹಣೆಗೆ ಕೂದಲು ಅಂಟಿತ್ತು, ಅಂಗಾಲಿನವರೆಗೂ ಓಡಿಬಂದ ದಣಿವಿತ್ತು.

"ಏನಿಲ್ಲ," ಎಂದಳು. "ಹಾಗೇ ಕೇಳ್ದೆ."

ಶಿಲ್ಪಿ ಅಚ್ಚನ್ನು ಒದ್ದೆ ಬಟ್ಟೆಯಲ್ಲಿ ಸುತ್ತತೊಡಗಿದ. ಸಂಶೋಧಕಿ ಅವಳ ತೋಳು ಹಿಡಿದು ಎಬ್ಬಿಸಿದಳು. "ಬನ್ನಿ ಮೇಡಂ, ನಿಧಾನ. ಮೆಟ್ಟಿಲು ಜೋಪಾನ. ನೀವು ಬಂದು ನೋಡೋವರೆಗೆ ನಾನು ಯಾರನ್ನೂ ಒಳಗೆ ಬಿಡಲ್ಲ."